ಸಪ್ಲೈ ಚೈನ್ ಹಿಸ್ಟರಿ, ಭಾಗ 4: ಬಣ್ಣ ಕೊನೆಗೆ, ಪ್ಲಗ್ ಕೊನೆಗೆ

ಸಪ್ಲೈ ಚೈನ್ ಅಂದ ತಕ್ಷಣ ನಮಗೆ ನೆನಪಾಗೋದು ಲಾರಿ, ಗೋಡೌನ್, ಹಡಗು. ಆದರೆ ಸರಕು ಲಾರಿ ಹತ್ತೋಕೆ ಎಷ್ಟೋ ಮೊದಲು, ಅದನ್ನ ಡಿಸೈನ್ ಮಾಡುವಾಗಲೇ ಅರ್ಧ ಲಾಭ-ನಷ್ಟ ತೀರ್ಮಾನ ಆಗಿರುತ್ತೆ. ನಂಬಿಕೆ ಬರ್ತಿಲ್ವಾ? ಎರಡು ಕಥೆ ಹೇಳ್ತೀನಿ, ಓದಿ.

ಮೊದಲನೆಯದು ಇಟಲಿಯದು. 1965ರಲ್ಲಿ ಲುಚಾನೋ ಬೆನೆಟ್ಟನ್ ತನ್ನ ಒಡಹುಟ್ಟಿದವರ ಜೊತೆ ಸೇರಿ ಕಂಪನಿ ಶುರು ಮಾಡಿದರು. ಬಣ್ಣಬಣ್ಣದ ಸ್ವೆಟರ್‌ಗಳಿಂದಲೇ ಅವರಿಗೆ ಹೆಸರು ಬಂತು. ಮಾಮೂಲಿ ಕ್ರಮ ಏನಪ್ಪಾ ಅಂದ್ರೆ, ಮೊದಲು ನೂಲಿಗೆ ಬಣ್ಣ, ಆಮೇಲೆ ಹೆಣಿಗೆ. ಅಂದರೆ ಈ ಸೀಸನ್‌ನಲ್ಲಿ ಯಾವ ಬಣ್ಣ ಓಡುತ್ತೆ ಅಂತ ಬಹಳ ಮೊದಲೇ ಊಹಿಸಬೇಕು. ಹಸಿರು ಹೆಣೆದಿಟ್ಟು, ಜನ ಕೆಂಪು ಕೇಳಿದರೆ? ಹಸಿರು ಡಿಸ್ಕೌಂಟ್‌ಗೆ ಹೋಗುತ್ತೆ, ಕೆಂಪು ಬೇಕಾದವರು ಪಕ್ಕದ ಅಂಗಡಿಗೆ ಹೋಗ್ತಾರೆ. ಎರಡೂ ಕಡೆ ನಷ್ಟ.

1970ರ ದಶಕದಲ್ಲಿ ಅವರು ಈ ಕ್ರಮವನ್ನೇ ಉಲ್ಟಾ ಮಾಡಿದರು. ಬಣ್ಣ ಹಾಕದ ನೂಲಿನಲ್ಲೇ ಸ್ವೆಟರ್ ಹೆಣೆದು ಇಟ್ಟುಕೊಂಡರು. ಯಾವ ಬಣ್ಣ ಓಡ್ತಿದೆ ಅಂತ ಅಂಗಡಿಗಳಿಂದ ಗೊತ್ತಾದ ಮೇಲೆ ಬಣ್ಣ ಹಾಕಿದರು. ಹೀಗೆ ಮಾಡಿದರೆ ಒಂದೊಂದು ಸ್ವೆಟರ್‌ಗೂ ಖರ್ಚು ಸ್ವಲ್ಪ ಜಾಸ್ತಿ. ಅದಕ್ಕೇ ಎಲ್ಲ ಮಾಲಿಗೂ ಅಲ್ಲ, ಒಂದು ಭಾಗಕ್ಕೆ ಮಾತ್ರ ಈ ಕ್ರಮ.

ಎರಡನೆಯದು ಅಮೆರಿಕದ್ದು. 1988ರಲ್ಲಿ ಎಚ್‌ಪಿ ಕಂಪನಿಯ ಡೆಸ್ಕ್‌ಜೆಟ್ ಪ್ರಿಂಟರ್ ಬಂತು. ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ನಲ್ಲಿ ತಯಾರಿ. ಅಲ್ಲಿಂದ ಯುರೋಪಿಗೆ ಹಡಗಿನಲ್ಲಿ ಸುಮಾರು ಒಂದು ತಿಂಗಳು. ಪ್ರಿಂಟರ್ ಒಂದೇ, ಆದರೆ ವೋಲ್ಟೇಜ್, ಪ್ಲಗ್, ಮ್ಯಾನುಯಲ್‌ನ ಭಾಷೆ ದೇಶದಿಂದ ದೇಶಕ್ಕೆ ಬೇರೆ. ಇದೆಲ್ಲ ಫ್ಯಾಕ್ಟರಿಯಲ್ಲೇ ಫಿಕ್ಸ್ ಆಗಿ ಹೋಗ್ತಿತ್ತು. ಹಾಗಾಗಿ ಗೋಡೌನ್‌ನಲ್ಲಿ ಒಂದು ದೇಶದ ಮಾಲು ರಾಶಿ ಬಿದ್ದಿರೋದು, ಇನ್ನೊಂದು ದೇಶಕ್ಕೆ ಸ್ಟಾಕೇ ಇಲ್ಲ!

ಪರಿಹಾರ ಸಿಕ್ಕಿದ್ದು ಡಿಸೈನ್‌ನಲ್ಲಿ. ಪವರ್ ಸಪ್ಲೈ ಅನ್ನು ಕೊನೆಗೆ ಸುಲಭವಾಗಿ ಜೋಡಿಸೋ ಹಾಗೆ ಮಾಡಿದರು. ಎಲ್ಲರಿಗೂ ಆಗೋ ಒಂದೇ ಪ್ರಿಂಟರ್ ಹಡಗು ಹತ್ತಿತು. ಪ್ಲಗ್, ಮ್ಯಾನುಯಲ್ ಆಯಾ ಭಾಗದ ವಿತರಣಾ ಕೇಂದ್ರದಲ್ಲೇ ಸೇರಿಕೊಂಡವು. ಒಂದು ದೇಶದಲ್ಲಿ ಬೇಡಿಕೆ ಬಿದ್ದರೆ ಅದೇ ಪೆಟ್ಟಿಗೆ ಇನ್ನೊಂದು ದೇಶಕ್ಕೆ ಹೋಗಬಹುದು. 1997ರಲ್ಲಿ ಸ್ಟ್ಯಾನ್‌ಫರ್ಡ್ ಪ್ರೊಫೆಸರ್ ಹೌ ಲೀ ಮತ್ತು ಎಚ್‌ಪಿಯ ಎಡ್ವರ್ಡ್ ಫೈಟ್ಸಿಂಗರ್ ಬರೆದ ಪ್ರಕಾರ ತಯಾರಿ ಖರ್ಚು ಸ್ವಲ್ಪ ಏರಿತು, ಆದರೆ ತಯಾರಿ, ಸಾಗಣೆ, ದಾಸ್ತಾನು ಸೇರಿದ ಒಟ್ಟು ಖರ್ಚು ಶೇ. 25ರಷ್ಟು ಇಳಿಯಿತು.

ಇಲ್ಲೇ ಇರೋದು ನಮ್ಮ ಕಾಮರ್ಸ್‌ನವರಿಗೆ ವಿಷಯ. ಬರೀ ತಯಾರಿ ಖರ್ಚು ನೋಡಿದ್ದರೆ ಈ ಎರಡೂ ಐಡಿಯಾ ಮೀಟಿಂಗ್‌ನಲ್ಲೇ ಬಿದ್ದುಹೋಗ್ತಿದ್ದವು. ಖರ್ಚು ಏರೋದು ಫ್ಯಾಕ್ಟರಿ ಲೆಕ್ಕದಲ್ಲಿ, ಉಳಿತಾಯ ಕಾಣೋದು ಗೋಡೌನ್ ಲೆಕ್ಕದಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡೋರು ಬೇಕು.

ಇದಕ್ಕೆ ಪುಸ್ತಕದಲ್ಲಿ ‘ಪೋಸ್ಟ್‌ಪೋನ್‌ಮೆಂಟ್’ ಅಂತಾರೆ. ಎಲ್ಲ ಕಡೆ ನಡೆಯಲ್ಲ. ಕೊನೆಯ ಕೆಲಸ ಬೇಗ ಆಗಬೇಕು, ದೊಡ್ಡ ಮಷಿನ್ ಬೇಡದೆ ಆಗಬೇಕು. ನಿಮ್ಮೂರ ಪೇಂಟ್ ಅಂಗಡಿ ನೋಡಿ: ಬಿಳಿ ಬೇಸ್‌ಗೆ ನಿಮ್ಮ ಕಣ್ಣೆದುರೇ ಬಣ್ಣ ಬೆರೆಸಿ ಕೊಡ್ತಾರಲ್ಲ, ಅದೂ ಇದೇ ಲೆಕ್ಕ.

ಇಂಥದ್ದು ಇನ್ನೆಲ್ಲಿ ನೋಡಿದ್ದೀರಿ? ಕಾಮೆಂಟ್‌ನಲ್ಲಿ ಹೇಳಿ. ಮುಂದಿನ ಭಾಗದಲ್ಲಿ ಹಡಗಿನ ಕಂಟೇನರ್ ಕಥೆ.