ಕೋವಿಡ್ ಶವಸಂಸ್ಕಾರ: ಏನು ಮಾಡಬಹುದು, ಏನು ಮಾಡಬಾರದು?

ಕೋವಿಡ್‌ನಿಂದ ತೀರಿಕೊಂಡ್ರೆ ಮನೆಯವರಿಗೆ ಮುಖ ನೋಡೋಕೂ ಬಿಡಲ್ಲ ಅನ್ನೋ ಮಾತು ಊರೂರಲ್ಲೂ ಹಬ್ಬಿತ್ತು. ಆದರೆ ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್ 15ರಂದು ಹೊರಡಿಸಿದ ಮಾರ್ಗಸೂಚಿಯಲ್ಲೇ ಅದಕ್ಕೆ ಅವಕಾಶವಿತ್ತು. ಅದರಲ್ಲಿನ ಮುಖ್ಯ ಅಂಶಗಳು ಇಲ್ಲಿವೆ.

ಆಸ್ಪತ್ರೆಯಲ್ಲಿ: ಮೃತದೇಹವನ್ನು ಸೋರದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಚೀಲದ ಹೊರಭಾಗವನ್ನು ಶೇ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ಶುಚಿ ಮಾಡಬೇಕು. ಎಂಬಾಮಿಂಗ್ ಮಾಡುವಂತಿಲ್ಲ.

ಮಾಡಬಹುದು: ಸ್ಮಶಾನದಲ್ಲಿ ಸಿಬ್ಬಂದಿಯೇ ಚೀಲದ ಜಿಪ್ ತೆಗೆದು ಮುಖದರ್ಶನ ಮಾಡಿಸಬಹುದು. ದೇಹ ಮುಟ್ಟದೆ ಮಂತ್ರ ಪಠಣ, ಪ್ರಾರ್ಥನೆ, ತೀರ್ಥ ಪ್ರೋಕ್ಷಣೆ ನಡೆಸಬಹುದು.

ಮಾಡಬಾರದು: ಶವಕ್ಕೆ ಸ್ನಾನ ಮಾಡಿಸುವುದು, ಮುತ್ತಿಡುವುದು, ತಬ್ಬಿಕೊಳ್ಳುವುದು ಬೇಡ. ಹೆಚ್ಚು ಜನ ಸೇರಬಾರದು. ಮೃತರ ಜೊತೆಗಿದ್ದ ಮನೆಯವರಿಗೂ ಸೋಂಕು ತಗುಲಿರಬಹುದು.

ಸಂಸ್ಕಾರದ ನಂತರ: ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಬೇಕು. ಚಿತಾಭಸ್ಮದಿಂದ ಅಪಾಯವಿಲ್ಲ. ಅಸ್ಥಿ ಸಂಗ್ರಹಿಸಿ ಮುಂದಿನ ಕಾರ್ಯ ಮಾಡಬಹುದು.

ಸುರಕ್ಷತೆಯ ಹೆಸರಲ್ಲಿ ಅಗೌರವ ಸಲ್ಲದು. 2020ರ ಜೂನ್ ಕೊನೆಗೆ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ವಿಡಿಯೊ ಹೊರಬಂದಾಗ ಜಿಲ್ಲಾಡಳಿತವೇ ಕ್ಷಮೆ ಕೇಳಬೇಕಾಯ್ತು. ಮುಟ್ಟದೇನೂ ಮರ್ಯಾದೆಯಿಂದ ಕಳಿಸಿಕೊಡಬಹುದು.