ಕೊಪ್ಪಳ ಕೋಟೆ: ಬಂಡೆಯ ಮೇಲಿನ ಇತಿಹಾಸ

ಕೊಪ್ಪಳ ಪಟ್ಟಣಕ್ಕೆ ಹೊಂದಿಕೊಂಡು ನಿಂತಿರುವ ಬೆಟ್ಟದ ಕೋಟೆಯು ಉತ್ತರ ಕರ್ನಾಟಕದ ಪ್ರಬಲ ಗಿರಿದುರ್ಗಗಳಲ್ಲಿ ಒಂದು. ಕೋಟೆಗಿಂತ ಊರೇ ಪ್ರಾಚೀನವಾದುದು. ಗವಿಮಠ ಹಾಗೂ ಪಾಲ್ಕಿಗುಂಡು ಬೆಟ್ಟಗಳಲ್ಲಿ ಅಶೋಕನ ಶಿಲಾಶಾಸನಗಳಿವೆ. ‘ಕವಿರಾಜಮಾರ್ಗ’ವು ತಿರುಳ್ಗನ್ನಡ ನಾಡಿನ ಊರುಗಳಲ್ಲಿ ಕೊಪಣ ನಗರವನ್ನೂ ಹೆಸರಿಸುತ್ತದೆ. ಕೊಪಣವು ಜೈನರ ಪ್ರಸಿದ್ಧ ತೀರ್ಥವಾಗಿತ್ತು.

ರಚನೆ

ಕೋಟೆಯಲ್ಲಿ ಎರಡು ಭಾಗಗಳಿವೆ: ಬುಡದಲ್ಲಿ ಕೆಳಕೋಟೆ, ಶಿಖರದಲ್ಲಿ ಮೇಲ್ಕೋಟೆ. ಮೇಲ್ಕೋಟೆಯು ಸುತ್ತಲಿನ ಬಯಲಿನಿಂದ ಸುಮಾರು 400 ಅಡಿ ಎತ್ತರದಲ್ಲಿದೆ. ಕಡಿದಾದ ಹೆಬ್ಬಂಡೆಗಳೇ ಇಲ್ಲಿ ಅರ್ಧ ಗೋಡೆಯ ಕೆಲಸ ಮಾಡುತ್ತವೆ. ಬಂಡೆಗಳ ನಡುವಿನ ತೆರಪನ್ನು ಕಲ್ಲಿನ ಗೋಡೆ ಮತ್ತು ಕೊತ್ತಲಗಳಿಂದ ಮುಚ್ಚಲಾಗಿದೆ. ಕೆಳಕೋಟೆಯನ್ನು ಗೆದ್ದ ವೈರಿಯೂ ಮೇಲೇರಲು ಇಕ್ಕಟ್ಟಾದ ದಾರಿಯನ್ನೇ ಹಿಡಿಯಬೇಕಿತ್ತು.

ಟಿಪ್ಪುವಿನ ಕಾಲ

ಮೊದಲು ಕೋಟೆ ಕಟ್ಟಿಸಿದವರು ಯಾರೆಂಬುದಕ್ಕೆ ಖಚಿತ ದಾಖಲೆಯಿಲ್ಲ. 1786ರಲ್ಲಿ ಟಿಪ್ಪು ಸುಲ್ತಾನನು ಇದನ್ನು ಪಾಳೆಯಗಾರನಿಂದ ಪಡೆದು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದನು. ಮೂರನೆಯ ಮೈಸೂರು ಯುದ್ಧದಲ್ಲಿ, 1790ರಲ್ಲಿ, ನಿಜಾಮನ ಸೈನ್ಯವು ಬ್ರಿಟಿಷ್ ತುಕಡಿಗಳೊಡನೆ ಮುತ್ತಿಗೆ ಹಾಕಿತು. ಸುಮಾರು ಆರು ತಿಂಗಳು ಕೋಟೆ ಬಗ್ಗಲಿಲ್ಲ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬ್ರಿಟಿಷರ ವಶವಾಯಿತು. ಏಪ್ರಿಲ್‌ನಲ್ಲಿ ಕೊಪ್ಪಳವೂ, ಸಮೀಪದ ಬಹದ್ದೂರ್‌ಬಂಡಿಯೂ ಶರಣಾದವು. ಮುತ್ತಿಗೆಯಲ್ಲಿದ್ದ ಜಾನ್ ಮಾಲ್ಕಮ್, ತಾನು ಭಾರತದಲ್ಲಿ ಕಂಡ ಕೋಟೆಗಳಲ್ಲಿ ಇದೇ ಅತ್ಯಂತ ಬಲಿಷ್ಠವೆಂದು ಬಣ್ಣಿಸಿದ್ದಾನೆ. 1792ರ ಶ್ರೀರಂಗಪಟ್ಟಣ ಒಪ್ಪಂದದನ್ವಯ ಕೊಪ್ಪಳವು ನಿಜಾಮನಿಗೆ ಸಂದಿತು.

ಎರಡು ಬಂಡಾಯಗಳು

1819ರಲ್ಲಿ ವೀರಪ್ಪನೆಂಬ ಬಂಡಾಯಗಾರನು ಎರಡೂ ಕೋಟೆಗಳನ್ನು ಹಿಡಿದನು. ಪ್ರಿಟ್ಜ್ಲರ್ ನೇತೃತ್ವದ ಸೈನ್ಯವು ಅವುಗಳನ್ನು ಮರಳಿ ವಶಪಡಿಸಿಕೊಂಡಿತು.

1858ರ ಹೋರಾಟ ಇನ್ನೂ ದೊಡ್ಡದು. ಮುಂಡರಗಿ ಭೀಮರಾಯ ಮತ್ತು ಹಮ್ಮಿಗೆಯ ಕೆಂಚನಗೌಡ ಮೇ ತಿಂಗಳ ಕೊನೆಯಲ್ಲಿ ಕೊಪ್ಪಳ ಕೋಟೆಯನ್ನು ಸೇರಿಕೊಂಡರು. ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬನೂ ಬ್ರಿಟಿಷರ ವಿರುದ್ಧ ಎದ್ದಿದ್ದನು. ಆದರೆ ಮೇಜರ್ ಹ್ಯೂಸ್‌ನ ಸೈನ್ಯವು ಜೂನ್ ಆರಂಭದಲ್ಲೇ ಕೋಟೆಯನ್ನು ಭೇದಿಸಿತು. ಭೀಮರಾಯ ಹಾಗೂ ಕೆಂಚನಗೌಡ ಹೋರಾಡುತ್ತಲೇ ಮಡಿದರು.

ಒಮ್ಮೆ ಆರು ತಿಂಗಳು ತಡೆದ ಅದೇ ಗೋಡೆ, ಇನ್ನೊಮ್ಮೆ ಕೆಲವೇ ದಿನಗಳಲ್ಲಿ ಕೈಬಿಟ್ಟಿತು. ಕಾಳು, ಮದ್ದುಗುಂಡು, ಸಾಕಷ್ಟು ಕಾವಲು ಮಂದಿ ಇಲ್ಲದಿದ್ದರೆ ಎಂಥ ದುರ್ಗವೂ ಬರಿಯ ಬಂಡೆಯೇ ಸರಿ.

ಅನಂತರ

ಮುಂದೆ ಕೊಪ್ಪಳವು ಸಾಲಾರ್‌ಜಂಗ್ ಮನೆತನದ ಜಾಗೀರಾಗಿತ್ತು. 1956ರಲ್ಲಿ ಕನ್ನಡ ನಾಡು ಒಂದಾದಾಗ ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ತಾಲ್ಲೂಕುಗಳು ಸೇರಿ ಪ್ರತ್ಯೇಕ ಜಿಲ್ಲೆಯಾಯಿತು. ಆನೆಗೊಂದಿ, ಕುಮ್ಮಟದುರ್ಗ, ಹೇಮಗುಡ್ಡಗಳೂ ಇದೇ ಜಿಲ್ಲೆಯಲ್ಲಿವೆ. ಅವು ವಿಜಯನಗರ ಮತ್ತು ಕಂಪಿಲಿ ಅರಸರ ಕಥೆ ಹೇಳಿದರೆ, ಕೊಪ್ಪಳದ ಕೋಟೆ ಟಿಪ್ಪುವಿನ ಕಾಲವನ್ನೂ 1858ರ ಬಲಿದಾನವನ್ನೂ ನೆನಪಿಸುತ್ತದೆ.