ಸಿಡುಬಿನ ಲೆಕ್ಕ, ಸಾವಿನ ಲೆಕ್ಕ

ಮಾರಿಸ್‌ಟೌನಿನ ನಡುವಿನ ‘ಗ್ರೀನ್’ ಎಂಬ ಹಸಿರು ಚೌಕದಲ್ಲಿ ನಮ್ಮಲ್ಲಿ ಹಲವರು ಮಕ್ಕಳೊಡನೆ ಅಡ್ಡಾಡಿದ್ದೇವೆ. ಅದರ ಪಕ್ಕದ ಪ್ರೆಸ್ಬಿಟೇರಿಯನ್ ಚರ್ಚಿನ ಹಳೆಯ ಮರಣಪಟ್ಟಿಯಲ್ಲಿ, 1777ರಲ್ಲಿ ಆ ಸಭೆಗೆ ಸೇರಿದ 68 ಮಂದಿ ಸಿಡುಬಿನಿಂದ ಮಡಿದ ದಾಖಲೆಯಿದೆ. ಆ ಚಳಿಗಾಲ ಜಾರ್ಜ್ ವಾಷಿಂಗ್ಟನ್ ಅವರ ಸೇನೆ ಬೀಡುಬಿಟ್ಟಿದ್ದುದು ಇಲ್ಲಿಯೇ. ಸೇನೆಯನ್ನು ಕಾಡುತ್ತಿದ್ದ ಸಿಡುಬನ್ನು ತಡೆಯಲು, ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತರ ಚರ್ಮದಡಿ ಸೇರಿಸುವ ಕ್ರಮಕ್ಕೆ ಫೆಬ್ರವರಿಯಲ್ಲಿ ಅವರು ಆದೇಶವಿತ್ತರು. ಹೀಗೆ ಮಾಡಿಸಿಕೊಂಡವರು ಕೆಲವು ವಾರ ಹಾಸಿಗೆ ಹಿಡಿಯಲೇಬೇಕು. ಎಷ್ಟು ಮಂದಿ ಮಲಗಿದ್ದಾರೆಂಬುದು ಬ್ರಿಟಿಷರಿಗೆ ತಿಳಿದರೆ ದಾಳಿ ನಡೆಯಬಹುದು. ಆದುದರಿಂದ ರೋಗಿಗಳ ಸಂಖ್ಯೆ ಯುದ್ಧರಹಸ್ಯವಾಯಿತು. ಚರ್ಚಿನ 68 ಎಂಬ ಅಂಕಿ ಸುಳ್ಳಲ್ಲ. ಆದರೆ ಅದು ತನ್ನವರನ್ನು ಮಾತ್ರ ಎಣಿಸಿತು.

1918ರ ಇನ್‌ಫ್ಲುಯೆಂಜಾ ಇದೇ ಪಾಠವನ್ನು ಇನ್ನಷ್ಟು ದೊಡ್ಡದಾಗಿ ಕಲಿಸಿತು. ಯುದ್ಧನಿರತ ದೇಶಗಳು ಸುದ್ದಿಯನ್ನು ಅದುಮಿಟ್ಟವು. ತಟಸ್ಥವಾಗಿದ್ದ ಸ್ಪೇನಿನ ಪತ್ರಿಕೆಗಳು ಬರೆದವು. ನಿಜ ಹೇಳಿದ ದೇಶದ ಹೆಸರೇ ರೋಗಕ್ಕೆ ಅಂಟಿಕೊಂಡಿತು! ನಮ್ಮ ನಾಡಿನ ಕಷ್ಟ ಬೇರೆ ಬಗೆಯದು. ಹಳ್ಳಿಗಳಲ್ಲಿ ಸಾವನ್ನು ದಾಖಲಿಸುತ್ತಿದ್ದವರು ವೈದ್ಯರಲ್ಲ, ಗ್ರಾಮಾಧಿಕಾರಿಗಳು. ಕಾರಣದ ಅಂಕಣದಲ್ಲಿ ಬಹುಪಾಲು ‘ಜ್ವರ’ ಎಂಬ ಒಂದೇ ಮಾತು. ಮಲೇರಿಯಾ, ವಿಷಮಶೀತ, ಇನ್‌ಫ್ಲುಯೆಂಜಾ ಎಲ್ಲವೂ ಅದರೊಳಗೆ ಅಡಗಿದವು. ಬರೆಯಬೇಕಾದವರೇ ಮಲಗಿದಾಗ ಪುಸ್ತಕ ಖಾಲಿ ಉಳಿಯಿತು. ಭಾರತದಲ್ಲಿ ಸತ್ತವರು ಸುಮಾರು 60 ಲಕ್ಷವೆಂಬುದು ಸರ್ಕಾರದ ಮೊದಲ ಅಂದಾಜು. 1921ರ ಜನಗಣತಿ ಮುಗಿದಾಗ ಅದು 1.2 ಕೋಟಿಯನ್ನು ಮೀರಿತು. 1951ರಲ್ಲಿ ಕಿಂಗ್ಸ್ಲಿ ಡೇವಿಸ್ ಅದನ್ನು 1.85 ಕೋಟಿಯ ಸನಿಹಕ್ಕೆ ಒಯ್ದರು. ಮುಂದಿನ ಕೆಲವು ಸಂಶೋಧಕರು ಮತ್ತೆ ತಗ್ಗಿಸಿದರು.

ನಮ್ಮ ಕಣ್ಣೆದುರಿನ ಕಾಲವೂ ಭಿನ್ನವಲ್ಲ. 2020ರ ಜೂನ್ 25ರಂದು ನ್ಯೂಜೆರ್ಸಿ ರಾಜ್ಯವು 1,854 ‘ಸಂಭವನೀಯ’ ಕೋವಿಡ್ ಸಾವುಗಳನ್ನು ಒಮ್ಮೆಲೇ ಲೆಕ್ಕಕ್ಕೆ ಸೇರಿಸಿತು. ಅವರು ಅಂದು ಸತ್ತವರಲ್ಲ. ಪರೀಕ್ಷೆಯ ದೃಢೀಕರಣವಿಲ್ಲದೆ ಹೊರಗುಳಿದಿದ್ದವರು. ಭಾರತದಲ್ಲಿ 2021ರ ಕೊನೆಯವರೆಗಿನ ಅಧಿಕೃತ ಸಂಖ್ಯೆ ಸುಮಾರು 4.8 ಲಕ್ಷ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಸುಮಾರು 47 ಲಕ್ಷ. ಭಾರತ ಸರ್ಕಾರ ಆ ಅಂದಾಜಿನ ವಿಧಾನವನ್ನೇ ಒಪ್ಪಲಿಲ್ಲ. ಒಂದು ದೃಢಪಟ್ಟ ಸಾವುಗಳ ಎಣಿಕೆ, ಇನ್ನೊಂದು ಸಾಮಾನ್ಯ ವರ್ಷಕ್ಕಿಂತ ಹೆಚ್ಚಾದ ಸಾವುಗಳ ಅಂದಾಜು ಎಂಬುದನ್ನು ಮರೆತು ಜಗಳಾಡುವುದು ಸುಲಭ.

ಹಾಗೆಂದು ಎಲ್ಲ ಅಂಕಿಗಳೂ ಸುಳ್ಳೆನ್ನುವುದು, ಎಲ್ಲವನ್ನೂ ಕಣ್ಮುಚ್ಚಿ ನಂಬುವಷ್ಟೇ ಅವಿವೇಕ. ಎಣಿಸಿದವರು ಯಾರು, ಯಾರನ್ನು ಬಿಟ್ಟರು, ಯಾವ ಹೆಸರಿನಡಿ ಬರೆದರು, ಬಚ್ಚಿಡಲು ಕಾರಣವಿತ್ತೇ? ಈ ನಾಲ್ಕು ಪ್ರಶ್ನೆಗಳು ಸಾಕು.

ಆ ವರ್ಷಗಳಲ್ಲಿ ವಿಮಾನವಿಲ್ಲದೆ, ಊರಿನಲ್ಲಿ ತೀರಿಕೊಂಡ ತಂದೆತಾಯಿಯರ ಮುಖವನ್ನು ಫೋನಿನ ಪರದೆಯಲ್ಲಷ್ಟೇ ಕಂಡವರು ನಮ್ಮ ನಡುವೆ ಇದ್ದಾರೆ. ಅವರ ಹಿರಿಯರು ಯಾವ ಪಟ್ಟಿಯಲ್ಲಿ ಸೇರಿದರೋ, ಯಾವುದರಿಂದ ಜಾರಿದರೋ. ಮನೆಯ ಪುಸ್ತಕದಲ್ಲಾದರೂ ಅವರ ಹೆಸರು, ದಿನ, ಕಾಯಿಲೆಯನ್ನು ಬರೆದಿಡೋಣ. ಮಾರಿಸ್‌ಟೌನಿನ 68 ಮಂದಿ ಇಂದಿಗೂ ನೆನಪಿನಲ್ಲಿ ಉಳಿದಿರುವುದು ಯಾರೋ ಒಬ್ಬರು ಅಂದು ಬರೆದಿಟ್ಟದ್ದರಿಂದಲೇ.